ಬದುಕುಳಿದರೆ ಸಾಲದು, ಚೆನ್ನಾಗಿ ಬಾಳಬೇಕು
ಮಕ್ಕಳ ಚುಚ್ಚುಮದ್ದಿನ ಇನ್ನೊಂದು ಲೆಕ್ಕ

ಚುಚ್ಚುಮದ್ದಿನ ಪ್ರಯೋಜನವನ್ನು ಹೇಳುವಾಗ ನಾವು ಸಾಮಾನ್ಯವಾಗಿ ಸಾವಿನ ಲೆಕ್ಕವನ್ನೇ ಮುಂದಿಡುತ್ತೇವೆ. ಸಿಡುಬು ಭೂಮಿಯಿಂದ ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಭೆ ಸಾರಿದಾಗ ಎಷ್ಟು ಜೀವ ಉಳಿಯಿತೆಂಬುದೇ ಎಲ್ಲರ ಮಾತಾಗಿತ್ತು. ಅದು ಸಹಜವೇ. ಆದರೆ ರೋಗ ಬಂದೂ ಸಾಯದೆ ಉಳಿದ ಮಗುವಿನ ಗತಿಯೇನು? ಆ ಮಗು ಓಡಬಲ್ಲದೆ? ಕರಿಹಲಗೆಯ ಅಕ್ಷರ ಅದಕ್ಕೆ ಕಾಣುವುದೆ? ಪಾಠ ಕೇಳಿಸುವುದೆ? ಸಾವಿನ ಲೆಕ್ಕದಲ್ಲಿ ಇದಕ್ಕೆ ಉತ್ತರವಿಲ್ಲ.

ಆರೋಗ್ಯವೆಂದರೆ ರೋಗವಿಲ್ಲದಿರುವುದು ಮಾತ್ರವಲ್ಲ. ದೇಹ, ಮನಸ್ಸು, ಸಮಾಜಜೀವನ ಮೂರೂ ನೆಮ್ಮದಿಯಿಂದಿರುವುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ 1948ರಿಂದಲೂ ಹೇಳುತ್ತಿದೆ. ಇದನ್ನು ಅಳೆಯಲು ಸಂಶೋಧಕರು 'ಆರೋಗ್ಯಸಂಬಂಧಿ ಜೀವನ ಗುಣಮಟ್ಟ' ಎಂಬ ಅಳತೆಗೋಲನ್ನು ಬಳಸುತ್ತಾರೆ.

ಅಳೆಯುವುದು ಹೇಗೆ?

ಅಮೆರಿಕದ ಜೇಮ್ಸ್ ವಾರ್ನಿ ಎಂಬ ವಿದ್ವಾಂಸರು ಮಕ್ಕಳಿಗಾಗಿ ರೂಪಿಸಿದ ಪ್ರಶ್ನಾವಳಿಯೊಂದು ಹೆಸರಾಗಿದೆ. ಅದರಲ್ಲಿ 23 ಪ್ರಶ್ನೆಗಳು, ನಾಲ್ಕು ವಿಭಾಗಗಳು: ದೇಹ, ಮನಸ್ಸು, ಒಡನಾಟ ಮತ್ತು ಶಾಲೆ. ಐದು ವರ್ಷ ತುಂಬಿದ ಮಕ್ಕಳು ತಾವೇ ಉತ್ತರಿಸಬಹುದು. ಅದಕ್ಕೂ ಚಿಕ್ಕವರ ಪರವಾಗಿ ತಾಯ್ತಂದೆಯರು ಹೇಳಬೇಕು.

ಲೆಕ್ಕ ಹಾಕುವ ಕ್ರಮವೂ ಸರಳ. ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ ಒಂದು ಅಂಕ. ಕುಂದಿದ ಆರೋಗ್ಯದ ವರ್ಷಕ್ಕೆ ಅದಕ್ಕಿಂತ ಕಡಿಮೆ. ಉದಾಹರಣೆಗೆ, ಒಬ್ಬನ ಪ್ರತಿ ವರ್ಷದ ಬೆಲೆ 0.7 ಎಂದಿಟ್ಟುಕೊಳ್ಳಿ. ಅವನು ಹಾಗೆಯೇ 60 ವರ್ಷ ಬಾಳಿದರೆ ಸಿಕ್ಕಿದ್ದು 42 ವರ್ಷಗಳ ಆರೋಗ್ಯ, ಕಳೆದುಹೋದದ್ದು 18. ಆತ ಸಾಯಲಿಲ್ಲವಾದುದರಿಂದ ಮರಣದ ಪಟ್ಟಿಯಲ್ಲಿ ಈ ನಷ್ಟದ ಸುಳಿವೂ ಇರುವುದಿಲ್ಲ.

ರೋಗ ಬಿಟ್ಟುಹೋಗುವ ಗುರುತು

ಪೋಲಿಯೋವನ್ನೇ ನೋಡಿ. ಸೋಂಕು ತಗಲಿದ ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ವಾಸಿಯಾಗದ ಪಾರ್ಶ್ವವಾಯು. ಹಾಗೆ ಕೈಕಾಲು ಸೋತವರಲ್ಲಿ ಸಾಯುವವರು ನೂರಕ್ಕೆ ಐದರಿಂದ ಹತ್ತು ಮಂದಿ. ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿ ಸೋತ ಅಂಗವನ್ನು ಹೊತ್ತೇ ಬಾಳಬೇಕು. 2014ರಲ್ಲಿ ಭಾರತಕ್ಕೆ ಪೋಲಿಯೋಮುಕ್ತ ಮನ್ನಣೆ ಸಿಕ್ಕಿದ್ದರ ನಿಜವಾದ ಬೆಲೆ ತಿಳಿಯುವುದು ಈ ತೊಂಬತ್ತರ ಲೆಕ್ಕದಲ್ಲಿ.

ದಡಾರವನ್ನು 'ಬಂದು ಹೋಗುವ ಕಾಯಿಲೆ' ಎಂದು ಹಗುರವಾಗಿ ಕಾಣುವವರಿದ್ದಾರೆ. ಅದು ಕಣ್ಣನ್ನೂ ಮೆದುಳನ್ನೂ ಕೆಡಿಸಬಲ್ಲದು. ಮೈ ಹಿಂದೆ ಗೆದ್ದ ರೋಗಗಳ ನೆನಪನ್ನೂ ಅದು ಅಳಿಸುತ್ತದೆ. ಲಸಿಕೆ ಪಡೆಯದೆ ದಡಾರಕ್ಕೆ ತುತ್ತಾದ ಮಕ್ಕಳ ರಕ್ತದಲ್ಲಿ ಹಳೆಯ ರೋಗನಿರೋಧಕ ಕಣಗಳು ನೂರಕ್ಕೆ 11ರಿಂದ 73ರವರೆಗೂ ಕಾಣೆಯಾಗಿದ್ದುದನ್ನು 2019ರ ಅಧ್ಯಯನವೊಂದು ತೋರಿಸಿತು.

ರುಬೆಲ್ಲಾದ ಕಥೆ ಇನ್ನೂ ವಿಚಿತ್ರ. ರೋಗಿಗೆ ಸಣ್ಣ ಜ್ವರ, ಸ್ವಲ್ಪ ಗಂದೆ, ಅಷ್ಟೆ. ಆದರೆ ಗರ್ಭದ ಮೊದಲ ತಿಂಗಳುಗಳಲ್ಲಿ ತಾಯಿಗೆ ತಗಲಿದರೆ ಹುಟ್ಟುವ ಮಗುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ ಬರಬಹುದು. ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ ಈ ನಂಟನ್ನು 1941ರಲ್ಲಿ ಬಯಲಿಗೆ ತಂದರು. ಇಂದು ಒಂದು ಹೆಣ್ಣುಮಗುವಿಗೆ ಕೊಡಿಸಿದ ಲಸಿಕೆ ಇಪ್ಪತ್ತು ವರ್ಷಗಳ ಬಳಿಕ ಅವಳ ಮಗುವಿನ ಕಣ್ಣನ್ನು ಕಾಯುತ್ತದೆ.

ಚುಚ್ಚಿದ ಜಾಗದಲ್ಲಿ ನೋವು, ಒಂದೆರಡು ದಿನದ ಜ್ವರ, ಮಗುವಿನ ಅಳು, ಮನೆಯವರ ನಿದ್ದೆಗೇಡು ಇವೂ ಈ ಲೆಕ್ಕಕ್ಕೆ ಸೇರತಕ್ಕವೇ. ಅಪರೂಪಕ್ಕೆ ತೀವ್ರ ತೊಂದರೆಯೂ ಆಗಬಹುದು. ಆದ್ದರಿಂದಲೇ ಲಸಿಕೆಯ ಬಳಿಕ ಅರ್ಧ ತಾಸು ಅಲ್ಲೇ ಕುಳಿತಿರಬೇಕೆನ್ನುವುದು. ಇವನ್ನೆಲ್ಲ ಕಳೆದರೂ ಉಳಿಯುವ ಲಾಭ ಬಹಳ ದೊಡ್ಡದು.

ನಮ್ಮ ಭಾಷೆಯ ಪ್ರಶ್ನೆ

ಕಾಸರಗೋಡಿನ ಕನ್ನಡಿಗರಾದ ನಮಗೆ ಇನ್ನೊಂದು ಮಾತಿದೆ. ನೋವು, ದಣಿವು, ಹೆದರಿಕೆಗಳನ್ನು ಮಗು ಹೇಳಿಕೊಳ್ಳುವುದು ಮನೆಮಾತಿನಲ್ಲಿ. ತಿಳಿಯದ ಭಾಷೆಯಲ್ಲಿ ಕೇಳಿದರೆ ಉತ್ತರ ಹೇಗೆ ಸರಿಯಾದೀತು? ತಿಳುವಳಿಕೆಯ ಪತ್ರವೂ ಹಾಗೆಯೇ. 'ಅಂಜಾಂಪನಿ' ಎಂದರೆ ದಡಾರ, 'ವಿಲ್ಲನ್ ಚುಮ' ಎಂದರೆ ನಾಯಿಕೆಮ್ಮು ಎಂದು ಅರಿಯದ ತಾಯಿ ಆ ಪತ್ರವನ್ನು ಮಡಚಿಟ್ಟರೆ ತಪ್ಪು ಅವಳದಲ್ಲ. ಕೇರಳದ 1969ರ ಆಡಳಿತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಲಸಿಕೆಯ ಸೂಚನೆಯನ್ನು ಕನ್ನಡದಲ್ಲಿ ಕೇಳಿ ಪಡೆಯಲು ಸಂಕೋಚ ಬೇಡ. ಆದರೆ ಪತ್ರ ಬರುವ ತನಕ ಲಸಿಕೆಯನ್ನು ತಡಮಾಡುವುದೂ ಬೇಡ. ಅರ್ಥವಾಗದಿದ್ದರೆ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಬಹುದು.

ಲಸಿಕೆ ಕೈಗೂಸಿಗೆ ಮಾತ್ರವೆಂಬ ಭಾವನೆಯೂ ಸರಿಯಲ್ಲ. ದಡಾರ-ರುಬೆಲ್ಲಾ ಲಸಿಕೆ ಒಂಬತ್ತು ತಿಂಗಳು ತುಂಬಿದ ಮೇಲೆ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ. ಧನುರ್ವಾಯು ಮತ್ತು ಗಂಟಲುಮಾರಿಯ ಲಸಿಕೆ 10ನೇ ವಯಸ್ಸಿನಲ್ಲಿ, ಮತ್ತೆ 16ರಲ್ಲಿ. ಈ ಕೊನೆಯ ಎರಡು ಶಾಲೆಯ ಗಡಿಬಿಡಿಯಲ್ಲಿ ಮರೆತುಹೋಗುವುದುಂಟು. ತಾಯ್ತಂದೆಯರು ಇಂದು ಸಂಜೆಯೇ ಮಕ್ಕಳ ಲಸಿಕೆ ಕಾರ್ಡನ್ನು ಹೊರತೆಗೆದು, ತಪ್ಪಿದ್ದೇನಾದರೂ ಇದೆಯೇ ಎಂದು ನೋಡಲಿ.