ನಿಮಗಿದು ಗೊತ್ತೆ? ಹಡಗಿನ ಹೆಸರು, ಕದಿರಿನ ಹೆಸರು
ಪಶ್ಚಿಮ ಆಫ್ರಿಕಾದಿಂದ ಅಪಹೃತಳಾಗಿ, ಏಳೆಂಟು ವರ್ಷದ ಎಳೆವಯಸ್ಸಿನಲ್ಲಿ, 1761ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ವಿಕ್ರಯಗೊಂಡ ಬಾಲೆಯೊಬ್ಬಳಿಗೆ, ತಾಯ್ತಂದೆಯರಿತ್ತ ನಾಮಧೇಯವೂ ಉಳಿಯದೆ, ಹೊತ್ತುತಂದ ಹಡಗಿನ ‘ಫಿಲಿಸ್’ ಎಂಬ ಹೆಸರೂ ಕೊಂಡ ಯಜಮಾನನ ‘ವೀಟ್ಲಿ’ ಎಂಬ ಮನೆತನದ ಹೆಸರೂ ಅಂಟಿಕೊಂಡವು. ಆ ದಾಸಿಯೇ 1773ರಲ್ಲಿ ಲಂಡನ್ನಿನಲ್ಲಿ ಕವನಸಂಕಲನವನ್ನು ಅಚ್ಚುಹಾಕಿಸಿ, ಆಫ್ರಿಕನ್ ಮೂಲದ ಅಮೆರಿಕನ್ನರಲ್ಲಿ ಕಾವ್ಯಗ್ರಂಥ ಪ್ರಕಟಿಸಿದ ಪ್ರಥಮಳೆನಿಸಿದಳು. ಆದರೆ ಆ ಪದ್ಯಗಳು ಅವಳವೇ ಎಂಬುದಕ್ಕೆ ಬಾಸ್ಟನ್ನಿನ 18 ಮಂದಿ ಗಣ್ಯರು ಸಾಕ್ಷ್ಯಪತ್ರ ಬರೆದುಕೊಡಬೇಕಾಯಿತೆಂಬುದು ಇಂದಿಗೂ ಮನಸ್ಸನ್ನು ನೋಯಿಸುವ ಸಂಗತಿ. ದಾಸ್ಯದಿಂದ ಬಿಡುಗಡೆ ಹೊಂದಿಯೂ ಆಕೆ ಬಡತನದಲ್ಲಿಯೇ 1784ರಲ್ಲಿ ತೀರಿಕೊಂಡಳು.

ಇದಕ್ಕೂ ಆರು ಶತಮಾನಗಳ ಹಿಂದೆ, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ವಿದ್ಯಾರ್ಜನೆಗೈದು ಅಲ್ಲಿಯೇ ಐಕ್ಯರಾದ ಬಸವಣ್ಣನವರ ಶರಣಸಂಕುಲದಲ್ಲಿ, ನೂಲು ತೆಗೆದು ಜೀವಿಸುತ್ತಿದ್ದ ರೆಮ್ಮವ್ವೆಗೂ ಹೆಸರು ದೊರೆತುದು ದುಡಿಮೆಯಿಂದಲೇ. ಆದರೆ ನೂಲುವ ಕದಿರನ್ನು ಸೂಚಿಸುವ ‘ಕದಿರ’ ಎಂಬ ಆ ವಿಶೇಷಣವನ್ನು ಆಕೆ ಸ್ವೇಚ್ಛೆಯಿಂದ, ಅಭಿಮಾನಪೂರ್ವಕವಾಗಿ, ತನ್ನ ವಚನಗಳ ಅಂಕಿತದಲ್ಲಿಯೇ ಧರಿಸಿದಳು. ತಾನು ತಿರುಹುವ ರಾಟೆಯ ಅಂಗಾಂಗಗಳಲ್ಲಿ ತ್ರಿಮೂರ್ತಿಗಳನ್ನೇ ಕಂಡಳು. ಇಳಕಲ್ಲಿನ ಮಗ್ಗಗಳ ಸದ್ದಿನ ನಡುವೆ ಬಾಳುವ ನಮ್ಮವರು ಅವಶ್ಯವಾಗಿ ಓದಬೇಕಾದ ಆಕೆಯ ವಚನಗಳಲ್ಲಿ ನಮಗೆ ದೊರೆತಿರುವುವು ನಾಲ್ಕೇ.