‘ಜಾನ್ ಕಾರ್ಟರ್’: ಸೋತದ್ದು ಚಿತ್ರವೋ, ಲೆಕ್ಕಾಚಾರವೋ?

ಹಾಲಿವುಡ್ಡಿನಲ್ಲಿ ಅತಿ ಹೆಚ್ಚು ನಷ್ಟ ಅನುಭವಿಸಿದ ಚಿತ್ರಗಳ ಪಟ್ಟಿಯನ್ನು ಯಾರೇ ತಯಾರಿಸಲಿ, ಅದರಲ್ಲಿ ‘ಜಾನ್ ಕಾರ್ಟರ್’ ಹೆಸರು ತಪ್ಪುವುದಿಲ್ಲ. ಡಿಸ್ನಿ ಸಂಸ್ಥೆ 2012ರ ಮಾರ್ಚ್ 9ರಂದು ತೆರೆಗೆ ತಂದ ಈ ವೈಜ್ಞಾನಿಕ ಕಲ್ಪನೆಯ ಚಿತ್ರ ವಿಶ್ವದಾದ್ಯಂತ ಸುಮಾರು 28.4 ಕೋಟಿ ಡಾಲರ್ ಗಳಿಸಿತು. ನಿರ್ಮಾಣಕ್ಕೆ ತಗುಲಿದ್ದು ಸುಮಾರು 25 ಕೋಟಿ ಡಾಲರ್ ಎಂಬುದು ಸಂಸ್ಥೆಯ ಹೇಳಿಕೆ. ಮೇಲ್ನೋಟಕ್ಕೆ ಇದು ಲಾಭದ ಬಾಬತ್ತು. ಆದರೂ ಬಿಡುಗಡೆಯಾದ ಹತ್ತೇ ದಿನಗಳಲ್ಲಿ, ಈ ಚಿತ್ರದಿಂದ ಸುಮಾರು 20 ಕೋಟಿ ಡಾಲರ್ ನಷ್ಟವಾಗಲಿದೆ ಎಂದು ಡಿಸ್ನಿ ಪ್ರಕಟಿಸಿತು.

ಗಳಿಕೆ ವೆಚ್ಚಕ್ಕಿಂತ ಹೆಚ್ಚಿರುವಾಗ ನಷ್ಟ ಬಂದದ್ದಾದರೂ ಎಲ್ಲಿಂದ? ಚಿತ್ರವನ್ನು ಮೆಚ್ಚಿದವರು ಅಂದಿನಿಂದಲೂ ಕೇಳುತ್ತ ಬಂದಿರುವ ಪ್ರಶ್ನೆ ಇದು. ಚಿತ್ರ ಸೋಲಲಿಲ್ಲ, ಅದನ್ನು ಸೋಲಿಸಲಾಯಿತು ಎಂಬುದು ಅಭಿಮಾನಿಗಳಲ್ಲಿ ಒಂದು ಬಣದ ವಾದ. ಅಷ್ಟು ಹಣ ಸುರಿದದ್ದೇ ತಪ್ಪು ಎನ್ನುವುದು ಇನ್ನೊಂದು ಬಣದ ಮಾತು. ಯಾವ ವಾದದಲ್ಲಿ ಎಷ್ಟು ಹುರುಳಿದೆ ಎಂದು ತಿಳಿಯಬೇಕಾದರೆ ಚಿತ್ರೋದ್ಯಮದ ಲೆಕ್ಕದ ಪುಸ್ತಕವನ್ನು ತೆರೆದು ನೋಡಬೇಕಾಗುತ್ತದೆ.

ನೂರು ವರ್ಷ ಕಾದ ಕಥೆ

ಚಿತ್ರದ ಮೂಲ ಎಡ್ಗರ್ ರೈಸ್ ಬರೋಸ್ ಬರೆದ ಕಾದಂಬರಿ. ಟಾರ್ಜಾನ್‌ನ ಸೃಷ್ಟಿಕರ್ತನೂ ಆದ ಬರೋಸ್, 1912ರಲ್ಲಿ ‘ಆಲ್ ಸ್ಟೋರಿ’ ಎಂಬ ಅಮೆರಿಕದ ನಿಯತಕಾಲಿಕದಲ್ಲಿ ಇದನ್ನು ಧಾರಾವಾಹಿಯಾಗಿ ಪ್ರಕಟಿಸಿದರು. 1917ರಲ್ಲಿ ಅದು ‘ಎ ಪ್ರಿನ್ಸೆಸ್ ಆಫ್ ಮಾರ್ಸ್’ ಎಂಬ ಹೆಸರಿನಲ್ಲಿ ಪುಸ್ತಕವಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಸೈನಿಕನೊಬ್ಬ ಮಂಗಳಗ್ರಹಕ್ಕೆ ಸಾಗಿಸಲ್ಪಟ್ಟು, ಅಲ್ಲಿನ ಕಡಿಮೆ ಗುರುತ್ವಾಕರ್ಷಣೆಯಿಂದ ಅಸಾಧಾರಣ ಬಲ ಪಡೆದು, ಡೇಜಾ ಥೋರಿಸ್ ಎಂಬ ರಾಜಕುಮಾರಿಗಾಗಿ ಕಾದಾಡುವ ಕಥೆ ಅದು. ಆ ಗ್ರಹದ ನಿವಾಸಿಗಳು ತಮ್ಮ ಲೋಕವನ್ನು ‘ಬಾರ್ಸೂಮ್’ ಎಂದು ಕರೆಯುತ್ತಾರೆ.

ಈ ಕಥೆ ಎಷ್ಟು ಮನಸ್ಸುಗಳನ್ನು ಕಲಕಿತ್ತೆಂಬುದಕ್ಕೆ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಸಾಕ್ಷಿ. ಬಾಲ್ಯದಲ್ಲಿ ಬಯಲಿನಲ್ಲಿ ನಿಂತು, ಎರಡೂ ಕೈ ಚಾಚಿ, ತನ್ನನ್ನು ಕರೆದೊಯ್ಯುವಂತೆ ಮಂಗಳಗ್ರಹವನ್ನು ಬೇಡಿಕೊಂಡದ್ದನ್ನು ಅವರು ‘ಕಾಸ್ಮೋಸ್’ನಲ್ಲಿ ನೆನೆದಿದ್ದಾರೆ. ‘ಸ್ಟಾರ್ ವಾರ್ಸ್’ನ ಜಾರ್ಜ್ ಲ್ಯೂಕಾಸ್, ‘ಅವತಾರ್’ನ ಜೇಮ್ಸ್ ಕ್ಯಾಮರೂನ್ ಇಬ್ಬರ ಕಲ್ಪನೆಯ ಮೇಲೂ ಬರೋಸ್‌ನ ನೆರಳು ಬಿದ್ದಿದೆ.

ಕಥೆಯನ್ನು ತೆರೆಗೆ ತರುವ ಯತ್ನ 1930ರ ದಶಕದಲ್ಲೇ ನಡೆದಿತ್ತು. ಬಾಬ್ ಕ್ಲ್ಯಾಂಪೆಟ್ ಅದನ್ನು ಅನಿಮೇಷನ್ ಚಿತ್ರವಾಗಿಸಲು ಹೊರಟು ಕೈಬಿಡಬೇಕಾಯಿತು. ಮುಂದಿನ ದಶಕಗಳಲ್ಲಿ ಹಲವು ನಿರ್ದೇಶಕರ ಕೈ ಬದಲಾಯಿಸಿದ ಮೇಲೆ, ‘ಫೈಂಡಿಂಗ್ ನೀಮೊ’ ಮತ್ತು ‘ವಾಲ್ ಇ’ ಖ್ಯಾತಿಯ ಆಂಡ್ರ್ಯೂ ಸ್ಟ್ಯಾಂಟನ್ ಪಾಲಿಗೆ ಅದು ಬಂತು. ಬಾಲ್ಯದಿಂದಲೂ ಬರೋಸ್‌ನ ಓದುಗರಾಗಿದ್ದ ಸ್ಟ್ಯಾಂಟನ್‌ಗೆ ಜೀವಂತ ನಟರನ್ನಿಟ್ಟು ನಿರ್ದೇಶಿಸುವ ಮೊದಲ ಅವಕಾಶ ಇದಾಗಿತ್ತು. ಮೂರು ಚಿತ್ರಗಳ ಸರಣಿಯ ಯೋಜನೆ ಅವರ ಮನಸ್ಸಿನಲ್ಲಿತ್ತು.

ವೆಚ್ಚ ಎಷ್ಟು?

ಹಾಲಿವುಡ್ ಸಂಸ್ಥೆಗಳು ಚಿತ್ರವೊಂದರ ನಿಜವಾದ ವೆಚ್ಚವನ್ನು ಬಾಯಿಬಿಟ್ಟು ಹೇಳುವುದು ವಿರಳ. ಪತ್ರಿಕೆಗಳಲ್ಲಿ ಬರುವ ಅಂಕಿ ಬಹುತೇಕ ಅಂದಾಜು. ‘ಜಾನ್ ಕಾರ್ಟರ್’ ವಿಷಯದಲ್ಲಿ ಮಾತ್ರ ಖಚಿತ ಲೆಕ್ಕ ದೊರೆಯುತ್ತದೆ. ಚಿತ್ರದ ಗಣನೀಯ ಭಾಗ ಬ್ರಿಟನ್ನಿನಲ್ಲಿ ಚಿತ್ರೀಕರಣಗೊಂಡಿತ್ತು. ಅಲ್ಲಿ ಚಿತ್ರ ನಿರ್ಮಾಣಕ್ಕೆ ನೀಡುವ ತೆರಿಗೆ ರಿಯಾಯಿತಿ ಪಡೆಯಬೇಕಾದರೆ ಅಲ್ಲಿಯೇ ನೋಂದಾಯಿತವಾದ ಕಂಪನಿಯ ಮೂಲಕ ಹಣ ವೆಚ್ಚ ಮಾಡಬೇಕು. ಆ ಕಂಪನಿಯ ವಾರ್ಷಿಕ ಲೆಕ್ಕಪತ್ರ ಸಾರ್ವಜನಿಕ ದಾಖಲೆಯಾಗುತ್ತದೆ.

ಆ ದಾಖಲೆಗಳ ಪ್ರಕಾರ ಒಟ್ಟು ವೆಚ್ಚ ಸುಮಾರು 30.66 ಕೋಟಿ ಡಾಲರ್. ಅದರಲ್ಲಿ ಸುಮಾರು 4.29 ಕೋಟಿ ಡಾಲರ್ ಬ್ರಿಟನ್ನಿನ ತೆರಿಗೆ ನೆರವಿನ ರೂಪದಲ್ಲಿ ಮರಳಿ ಬಂತು. ಉಳಿದ ನಿವ್ವಳ ವೆಚ್ಚ 26.37 ಕೋಟಿ ಡಾಲರ್. ಸಂಸ್ಥೆ ಹೇಳಿದ 25 ಕೋಟಿಗೂ ಇದಕ್ಕೂ ಅಂತರ ಅಷ್ಟು ದೊಡ್ಡದಲ್ಲ. ಆದರೆ ಇದು ನಿರ್ಮಾಣದ ವೆಚ್ಚ ಮಾತ್ರ. ಪ್ರತಿಗಳು, ಜಾಹೀರಾತು, ಪ್ರಚಾರ ಇವೆಲ್ಲ ಇದರ ಹೊರಗೆ. ಪ್ರಚಾರಕ್ಕೆ ಸುಮಾರು 10 ಕೋಟಿ ಡಾಲರ್ ವೆಚ್ಚವಾಗಿರಬೇಕೆಂಬುದು ಅಂದಿನ ಪತ್ರಿಕೆಗಳ ಅಂದಾಜು.

ಗಳಿಕೆ ಬೇರೆ, ಪಾಲು ಬೇರೆ

ಅಭಿಮಾನಿಗಳ ಲೆಕ್ಕ ತಪ್ಪುವುದು ಇಲ್ಲಿ. 28.4 ಕೋಟಿ ಎಂಬುದು ಪ್ರೇಕ್ಷಕರು ಟಿಕೆಟ್ಟಿಗೆ ತೆತ್ತ ಒಟ್ಟು ಹಣ. ಅದು ನೇರವಾಗಿ ನಿರ್ಮಾಪಕನ ತಿಜೋರಿಗೆ ಬೀಳುವುದಿಲ್ಲ. ಗಲ್ಲಾಪೆಟ್ಟಿಗೆಯ ಒಟ್ಟು ಮೊತ್ತವೇ ಬೇರೆ, ಚಿತ್ರಮಂದಿರದ ಪಾಲು ಕಳೆದು ಕೈಗೆ ಬರುವ ‘ಶೇರ್’ ಬೇರೆ ಎಂಬುದು ಬೆಂಗಳೂರಿನ ಗಾಂಧಿನಗರದ ಯಾವ ಹಂಚಿಕೆದಾರನಿಗಾದರೂ ತಿಳಿದ ಸಂಗತಿ. ಹಾಲಿವುಡ್ಡಿಗೂ ಅದೇ ನಿಯಮ.

ಅಮೆರಿಕದಲ್ಲಿ ಟಿಕೆಟ್ ಹಣದ ಸುಮಾರು ಅರ್ಧಭಾಗ ಸ್ಟುಡಿಯೋಗೆ ಸೇರುತ್ತದೆ. ಹೊರದೇಶಗಳಲ್ಲಿ ಸರಾಸರಿ ನೂರಕ್ಕೆ 40ರಷ್ಟು ಸಿಕ್ಕರೆ ಹೆಚ್ಚು. ಚೀನಾದಲ್ಲಿ ವಿದೇಶಿ ಸ್ಟುಡಿಯೋದ ಪಾಲು ಆಗ ನಾಲ್ಕನೆಯ ಒಂದು ಭಾಗವನ್ನು ಮೀರುತ್ತಿರಲಿಲ್ಲ. ‘ಜಾನ್ ಕಾರ್ಟರ್’ ಅಮೆರಿಕದಲ್ಲಿ ಗಳಿಸಿದ್ದು ಸುಮಾರು 7.3 ಕೋಟಿ ಡಾಲರ್. ಹೊರಗೆ ಗಳಿಸಿದ್ದು ಸುಮಾರು 21 ಕೋಟಿ. ಮೇಲಿನ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ ಡಿಸ್ನಿಗೆ ಚಿತ್ರಮಂದಿರಗಳಿಂದ ಸಂದ ಹಣ 12 ಕೋಟಿಯ ಆಸುಪಾಸು. ಎದುರಿಗಿರುವ ವೆಚ್ಚ ಪ್ರಚಾರವೂ ಸೇರಿ 35 ಕೋಟಿಗೂ ಮೇಲೆ. ಡಿವಿಡಿ ಮಾರಾಟ, ಟಿ.ವಿ. ಹಕ್ಕುಗಳಿಂದ ಸ್ವಲ್ಪ ಹಣ ಮರಳಬಹುದಾದರೂ ಕಂದರ ತುಂಬುವಷ್ಟಲ್ಲ. ಇಷ್ಟು ದುಬಾರಿ ಚಿತ್ರ ಬಂಡವಾಳವನ್ನು ಹಿಂದಕ್ಕೆ ಪಡೆಯಬೇಕಾದರೆ ಟಿಕೆಟ್ ಗಳಿಕೆ ವೆಚ್ಚದ ಎರಡೂವರೆ ಪಟ್ಟಾದರೂ ಇರಬೇಕೆಂಬ ರೂಢಿಯ ಮಾತು ಹುಟ್ಟಿದ್ದು ಈ ಕಾರಣದಿಂದಲೇ.

ಹತ್ತೇ ದಿನಗಳಲ್ಲಿ ತೀರ್ಪು

ಅಭಿಮಾನಿಗಳ ಎರಡನೆಯ ಆಕ್ಷೇಪ ಇನ್ನೂ ತೀಕ್ಷ್ಣವಾದುದು. ಚಿತ್ರ ಇನ್ನೂ ಓಡುತ್ತಿರುವಾಗಲೇ, ಮಾರ್ಚ್ 19ರಂದು, ನಷ್ಟವನ್ನು ಸಾರಿ ಹೇಳಿದ್ದೇಕೆ? ತನ್ನ ಮಗುವನ್ನು ತಾನೇ ಕೈಬಿಟ್ಟಂತಾಗಲಿಲ್ಲವೇ?

ಇದಕ್ಕೂ ಉತ್ತರ ಲೆಕ್ಕಪತ್ರದ ನಿಯಮದಲ್ಲಿದೆ. ಚಿತ್ರ ನಿರ್ಮಾಣಕ್ಕೆ ಹಾಕಿದ ಹಣವನ್ನು ಸ್ಟುಡಿಯೋ ಒಂದೇ ಸಲ ಖರ್ಚೆಂದು ತೋರಿಸುವುದಿಲ್ಲ. ಮುಂದೆ ಬರಬಹುದಾದ ಒಟ್ಟು ಆದಾಯವನ್ನು ಅಂದಾಜಿಸಿ, ಆದಾಯ ಬಂದಂತೆಲ್ಲ ಅದೇ ಪ್ರಮಾಣದಲ್ಲಿ ಖರ್ಚನ್ನು ಬರೆಯುತ್ತ ಹೋಗುತ್ತದೆ. ಆದರೆ ಮೊದಲ ವಾರಾಂತ್ಯದಲ್ಲೇ ಅಂದಾಜು ಕುಸಿದುಬಿದ್ದರೆ, ಮರಳಿ ಬಾರದ ಹಣವನ್ನು ಆಗಲೇ ನಷ್ಟವೆಂದು ಬರೆಯಬೇಕು. ಷೇರುಪೇಟೆಯಲ್ಲಿರುವ ಕಂಪನಿ ಅಂಥ ದೊಡ್ಡ ನಷ್ಟವನ್ನು ಷೇರುದಾರರಿಂದ ಬಚ್ಚಿಡುವಂತಿಲ್ಲ. ಆ ತ್ರೈಮಾಸಿಕದಲ್ಲಿ ಡಿಸ್ನಿಯ ಚಿತ್ರ ವಿಭಾಗ 8.4 ಕೋಟಿ ಡಾಲರ್ ನಷ್ಟ ತೋರಿಸಿತು. ಏಪ್ರಿಲ್ 20ರಂದು ವಿಭಾಗದ ಮುಖ್ಯಸ್ಥ ರಿಚ್ ರಾಸ್ ರಾಜೀನಾಮೆ ನೀಡಿದರು.

ಘೋಷಣೆ ನಿಯಮಬದ್ಧವಾಗಿತ್ತೆಂಬುದು ನಿಜ. ಅದರ ಪರಿಣಾಮ ಕ್ರೂರವಾಗಿತ್ತೆಂಬುದೂ ನಿಜ. ಮುಳುಗಿದ ಹಡಗೆಂದು ಒಡೆಯನೇ ಸಾರಿದ ಮೇಲೆ ಅದನ್ನು ಹತ್ತುವವರು ಯಾರು?

ಹೆಸರಿನಿಂದ ಬಿದ್ದುಹೋದ ಮಂಗಳ

ಪ್ರಚಾರದ ಬಗೆಗಿನ ದೂರಿನಲ್ಲಿ ಅಭಿಮಾನಿಗಳ ಕೈ ಮೇಲಾಗುತ್ತದೆ. ಚಿತ್ರಕ್ಕೆ ಮೊದಲು ‘ಜಾನ್ ಕಾರ್ಟರ್ ಆಫ್ ಮಾರ್ಸ್’ ಎಂದು ಹೆಸರಿಡಲಾಗಿತ್ತು. 2011ರ ಮಾರ್ಚ್‌ನಲ್ಲಿ ಡಿಸ್ನಿಯದೇ ಆದ ‘ಮಾರ್ಸ್ ನೀಡ್ಸ್ ಮಾಮ್ಸ್’ ಹೀನಾಯವಾಗಿ ಸೋತಿತು. ಆ ವರ್ಷವೇ ಶೀರ್ಷಿಕೆಯಿಂದ ಮಂಗಳಗ್ರಹ ಮಾಯವಾಯಿತು. ಉಳಿದದ್ದು ಯಾರದೋ ಹೆಸರು. ಪುಸ್ತಕ ಓದದವನಿಗೆ ಜಾನ್ ಕಾರ್ಟರ್ ಎಂದರೆ ವಕೀಲನೋ ವೈದ್ಯನೋ ತಿಳಿಯದು. ಚಿತ್ರದ ಕೊನೆಯಲ್ಲಿ ಮಾತ್ರ ಪೂರ್ಣ ಹೆಸರು ತೆರೆಯ ಮೇಲೆ ಮೂಡುತ್ತದೆ.

‘ಸ್ಟಾರ್ ವಾರ್ಸ್’ಗೂ ‘ಅವತಾರ್’ಗೂ ಮೂಲವಾದ ಕಥೆ ಇದು ಎಂಬುದನ್ನು ಪ್ರೇಕ್ಷಕರಿಗೆ ಮನಗಾಣಿಸುವ ಕೆಲಸ ನಡೆಯಲಿಲ್ಲ. ಫಲವಾಗಿ, ಮೊಮ್ಮಕ್ಕಳನ್ನು ಮೊದಲು ಕಂಡವರು ಅಜ್ಜನನ್ನು ನೋಡಿ ಇವನು ಅವರನ್ನೇ ಹೋಲುತ್ತಾನಲ್ಲ ಎಂದರು. ಹಲವು ವಿಮರ್ಶಕರಿಗೆ ಚಿತ್ರ ಹಳಸಿದ ಸರಕಿನಂತೆ ಕಂಡಿತು. ಅಭಿಮಾನಿಗಳು ಅಧಿಕೃತ ತುಣುಕುಗಳನ್ನೇ ಮರುಜೋಡಿಸಿ ತಯಾರಿಸಿದ ಟ್ರೇಲರ್ ಮೂಲ ಟ್ರೇಲರ್‌ಗಿಂತ ಚೆನ್ನಾಗಿದೆ ಎಂದು ಹಲವರು ಮೆಚ್ಚಿದರು. ಸ್ವತಃ ಸ್ಟ್ಯಾಂಟನ್ ಅದನ್ನು ಇತರರೊಡನೆ ಹಂಚಿಕೊಂಡರು.

ಚಿತ್ರಮಂದಿರಕ್ಕೆ ಬಂದವರು ಬೇಸರದಿಂದ ಹಿಂದಿರುಗಿದರೆಂದು ಹೇಳಲಾಗದು. ಅಮೆರಿಕದಲ್ಲಿ ಪ್ರೇಕ್ಷಕರ ಅಭಿಪ್ರಾಯ ಸಂಗ್ರಹಿಸುವ ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಚಿತ್ರಕ್ಕೆ ‘ಬಿ ಪ್ಲಸ್’ ಸಿಕ್ಕಿತು. ರಷ್ಯಾದಲ್ಲಿ ಮೊದಲ ದಿನಗಳ ಗಳಿಕೆ ಭರ್ಜರಿಯಾಗಿತ್ತು. ಕೊರತೆ ಇದ್ದದ್ದು ಒಳಗೆ ಬಂದವರ ಸಂಖ್ಯೆಯಲ್ಲಿ. ಅಮೆರಿಕದ ಮೊದಲ ವಾರಾಂತ್ಯದಲ್ಲಿ ಬಂದದ್ದು ಬರೀ 3 ಕೋಟಿ ಡಾಲರ್. ಎರಡನೆಯ ವಾರದಲ್ಲಿದ್ದ ‘ದಿ ಲೋರಾಕ್ಸ್’ ಎಂಬ ಮಕ್ಕಳ ಚಿತ್ರ ಅದನ್ನು ಹಿಂದಿಕ್ಕಿತು.

ಬಜೆಟ್ಟೇ ಸುದ್ದಿಯಾದಾಗ

ದೊಡ್ಡ ಚಿತ್ರಗಳಿಗೆ ಇನ್ನೊಂದು ಅಪಾಯವಿದೆ. ಕಥೆಗಿಂತ ಮೊದಲು ವೆಚ್ಚವೇ ಊರಿಗೆಲ್ಲ ಸುದ್ದಿಯಾಗುತ್ತದೆ. 1997ರ ‘ಟೈಟಾನಿಕ್’, 2009ರ ‘ಅವತಾರ್’ ಎರಡೂ ಬಿಡುಗಡೆಗೆ ಮುನ್ನ ಇಂಥ ಟೀಕೆಗೆ ಗುರಿಯಾದವು. ಗೆದ್ದ ಮೇಲೆ ಅದೇ ವೆಚ್ಚ ಸಾಹಸವೆಂದು ಹೊಗಳಿಸಿಕೊಂಡಿತು. ಸೋತ ಚಿತ್ರದ ಪಾಲಿಗೆ ಅದು ದುಂದುವೆಚ್ಚವೆಂಬ ಹಣೆಪಟ್ಟಿ.

ಗಳಿಕೆ ಮತ್ತು ಗುಣ ಒಂದೇ ಅಲ್ಲವೆಂಬುದಕ್ಕೂ ವೈಜ್ಞಾನಿಕ ಚಿತ್ರಗಳಲ್ಲೇ ನಿದರ್ಶನವಿದೆ. 1982ರಲ್ಲಿ ರಿಡ್ಲಿ ಸ್ಕಾಟ್ ನಿರ್ದೇಶಿಸಿದ ‘ಬ್ಲೇಡ್ ರನ್ನರ್’ ಬಿಡುಗಡೆಯ ಕಾಲಕ್ಕೆ ಸೋತ ಚಿತ್ರ. 1993ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರಿತು. 2017ರಲ್ಲಿ ಬಂದ ಅದರ ಮುಂದುವರಿದ ಭಾಗ ‘ಬ್ಲೇಡ್ ರನ್ನರ್ 2049’ ಸಹ ನಿರೀಕ್ಷೆಯಷ್ಟು ಗಳಿಸಲಿಲ್ಲ. ಆದರೆ ಎರಡು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಕಾಲ ನೀಡುವ ತೀರ್ಪು ಗಲ್ಲಾಪೆಟ್ಟಿಗೆಯ ತೀರ್ಪನ್ನು ತಿದ್ದಬಲ್ಲುದು. ಆದರೆ ಕಳೆದ ಹಣವನ್ನು ಅದು ಮರಳಿಸಲಾರದು. ಆ ಹಣವಿಲ್ಲದೆ ಮುಂದಿನ ಭಾಗ ಹುಟ್ಟುವುದು ಕಷ್ಟ.

ಕಾಯುವವರ ಪಾಲಿಗೆ

ಡಿಸ್ನಿಗೆ ಈ ನಷ್ಟ ಬಹುಕಾಲ ಕಾಡಲಿಲ್ಲ. 2012ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಅವೆಂಜರ್ಸ್’ 150 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಅಕ್ಟೋಬರ್‌ನಲ್ಲಿ ಸುಮಾರು 405 ಕೋಟಿ ಡಾಲರ್ ತೆತ್ತು ಲ್ಯೂಕಾಸ್ ಫಿಲ್ಮ್ ಸಂಸ್ಥೆಯನ್ನೇ ಕೊಂಡುಕೊಳ್ಳಲು ಡಿಸ್ನಿ ನಿರ್ಧರಿಸಿತು. ‘ಸ್ಟಾರ್ ವಾರ್ಸ್’ ಮನೆಗೆ ಬಂದ ಮೇಲೆ ಬಾರ್ಸೂಮ್ ಯಾರಿಗೆ ಬೇಕು? 2014ರಲ್ಲಿ ಚಿತ್ರದ ಹಕ್ಕುಗಳು ಬರೋಸ್ ಸ್ಥಾಪಿಸಿದ ಸಂಸ್ಥೆಗೆ ಮರಳಿದವು. ಯೋಜಿಸಿದ್ದ ಎರಡನೆಯ, ಮೂರನೆಯ ಭಾಗಗಳು ಕಾಗದದಲ್ಲೇ ಉಳಿದವು.

ಹೀಗೆ ನೋಡಿದಾಗ ಎರಡೂ ಬಣಗಳ ಮಾತಿನಲ್ಲಿ ಸತ್ಯದ ಅಂಶವಿದೆ. ಚಿತ್ರ ನಷ್ಟ ಮಾಡಿದ್ದು ಕಟ್ಟುಕಥೆಯಲ್ಲ, ಲೆಕ್ಕ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಅದೇ ಚಿತ್ರ ಅರ್ಧ ವೆಚ್ಚದಲ್ಲಿ, ಸರಿಯಾದ ಹೆಸರಿನಲ್ಲಿ ಬಂದಿದ್ದರೆ ಅದನ್ನು ಸಾಧಾರಣ ಯಶಸ್ಸೆಂದು ಕರೆಯುತ್ತಿದ್ದರೇನೋ.

ಬರೋಸ್‌ನ ಮೊದಲ ಕಾದಂಬರಿ ಮುಗಿಯುವುದು ವಿರಹದಲ್ಲಿ. ನಾಯಕ ಭೂಮಿಗೆ ಎಸೆಯಲ್ಪಟ್ಟು, ಮಂಗಳದಲ್ಲಿರುವ ಮಡದಿಯ ಗತಿಯೇನಾಯಿತೆಂದು ತಿಳಿಯದೆ ಆಕಾಶ ನೋಡುತ್ತಾನೆ. 1912ರಲ್ಲಿ ಆ ಧಾರಾವಾಹಿಯನ್ನು ಓದಿದವರು ಮುಂದಿನ ಕಥೆಗಾಗಿ ಬಹಳ ದಿನ ಕಾಯಬೇಕಾಗಲಿಲ್ಲ. 1913ರಲ್ಲೇ ಎರಡನೆಯ ಕಥೆ ಬಂತು. ನೂರು ವರ್ಷದ ಅನಂತರ ತೆರೆಯ ಮೇಲೆ ಅದನ್ನು ನೋಡಿದವರಿಗೆ ಆ ಭಾಗ್ಯವಿಲ್ಲ.