ಒಂದೇ ಬಾಗಿಲು, ಎರಡು ಬಗೆಯ ಬಿಗಿತ

ಹೃದಯದ ನಾಲ್ಕು ಕವಾಟಗಳ ರಚನೆಯಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ. ಭೇದವಿರುವುದು ಅವು ಕೆಡುವ ಬಗೆಯಲ್ಲಿ. ಮಹಾಪಧಮನಿಯ ಕವಾಟಕ್ಕೆ ಮೂರು ದಳಗಳಿರಬೇಕಾದಲ್ಲಿ ಎರಡೇ ಇರುವ ಹುಟ್ಟುದೋಷ ಗಂಡಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಹಾಗಾಗಿ ನಡುವಯಸ್ಸಿನಲ್ಲೇ ಈ ಕವಾಟ ಬಿಗಿದು ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಗಂಡಸರೇ ಜಾಸ್ತಿ. ಮೈಟ್ರಲ್ ಕವಾಟದ ಕಥೆ ಇದಕ್ಕೆ ತಿರುಗುಮುರುಗು. ರುಮ್ಯಾಟಿಕ್ ಜ್ವರದಿಂದ ಈ ಕವಾಟ ಕಿರಿದಾದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೆಂಗಸರು.

ಶಾಲೆಗೆ ಹೋಗುವ ವಯಸ್ಸಿನಲ್ಲಿ ಸ್ಟ್ರೆಪ್ಟೊಕಾಕಸ್‌ನಿಂದ ಬಂದ ಗಂಟಲುನೋವು ವಾರದಲ್ಲಿ ವಾಸಿಯಾಗುತ್ತದೆ. ಅದರ ವಿರುದ್ಧ ಎದ್ದ ದೇಹದ ರಕ್ಷಣಾವ್ಯವಸ್ಥೆ ಕೆಲವರಲ್ಲಿ ಗುರಿ ತಪ್ಪಿ ಸ್ವಂತ ಕವಾಟದ ಮೇಲೇ ತಿರುಗಿಬೀಳುತ್ತದೆ. ವರ್ಷಗಳು ಕಳೆದಂತೆ ದಳಗಳ ಅಂಚುಗಳು ಬೆಸೆದುಕೊಳ್ಳುತ್ತವೆ. ನಾಲ್ಕರಿಂದ ಆರು ಚದರ ಸೆಂಟಿಮೀಟರ್ ತೆರೆಯಬೇಕಾದ ದಾರಿ ಒಂದೂವರೆಗೂ ಕೆಳಗಿಳಿಯುತ್ತದೆ. ಇಂಥ ಕವಾಟ ನೋಡಲು ಅಂಗಿಯ ಕಾಜಾದ ಹಾಗೆ: ದಪ್ಪನೆಯ ಅಂಚು, ನಡುವೆ ಒಂದು ಸೀಳು.

ಈ ಬಿಗಿತ ಎಷ್ಟೋ ಸಲ ಬಯಲಾಗುವುದು ಚೊಚ್ಚಲ ಬಸುರಿನಲ್ಲಿ. ಆಗ ಮೈಯಲ್ಲಿನ ರಕ್ತ ಶೇ. 40ರಿಂದ 50ರಷ್ಟು ಹೆಚ್ಚುತ್ತದೆ, ಎದೆಬಡಿತ ಚುರುಕಾಗಿ ಎರಡು ಬಡಿತಗಳ ನಡುವಿನ ಬಿಡುವು ಕುಗ್ಗುತ್ತದೆ. ಸೀಳಿನಲ್ಲಿ ಇಳಿಯಲಾರದ ರಕ್ತ ಶ್ವಾಸಕೋಶದಲ್ಲಿ ಮಡುಗಟ್ಟುತ್ತದೆ. ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವ ಬಸುರಿಗೆ ‘ದಿನ ತುಂಬುತ್ತಾ ಬಂದಾಗ ಹೀಗೆಲ್ಲ ಆಗುತ್ತೆ ಕಣಮ್ಮ’ ಎಂಬ ಸಮಾಧಾನವೇ ಸಿಕ್ಕಿ, ಎಕೋ ಮಾಡಿಸುವುದು ತಡವಾಗುವುದೂ ಉಂಟು.

ಮೈಟ್ರಲ್ ಕವಾಟ ಶಸ್ತ್ರಚಿಕಿತ್ಸೆಯ ಚರಿತ್ರೆ ಶುರುವಾದದ್ದೂ ಹೆಣ್ಣುಮಕ್ಕಳ ಎದೆಯಲ್ಲೇ. 1923ರ ಮೇ ತಿಂಗಳಲ್ಲಿ ಬಾಸ್ಟನ್ನಿನ ಎಲಿಯಟ್ ಕಟ್ಲರ್ ಮಿಡಿಯುತ್ತಿರುವ ಹೃದಯದೊಳಗೆ ಚಾಕು ತೂರಿಸಿ ಮೈಟ್ರಲ್ ಕವಾಟ ಬಿಡಿಸಿದ್ದು 12 ವರ್ಷದ ಹುಡುಗಿಗೆ. ಅವಳು ನಾಲ್ಕು ವರ್ಷಕ್ಕೂ ಮೀರಿ ಬದುಕಿದಳು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಒಬ್ಬ ಯುವತಿಯ ಹೃತ್ಕರ್ಣದ ಮೂಲಕ ಬೆರಳನ್ನೇ ಇಳಿಸಿ ಕವಾಟವನ್ನು ತಡವಿ ಹಿಗ್ಗಿಸಿದ. ಹುಡುಗಿ ಚೇತರಿಸಿಕೊಂಡಳು; ಆದರೆ ಅವನ ಬಳಿಗೆ ಇಂಥ ಇನ್ನೊಬ್ಬ ರೋಗಿಯನ್ನು ಯಾವ ವೈದ್ಯನೂ ಕಳಿಸಲಿಲ್ಲ. ಅದೇ ಬೆರಳಿನ ಉಪಾಯ 1948ರ ಜೂನ್‌ನಲ್ಲಿ ಫಿಲಡೆಲ್ಫಿಯಾದ ಚಾರ್ಲ್ಸ್ ಬೇಲಿಯ ಕೈಯಲ್ಲಿ ಗೆದ್ದಿತು. ಆ ರೋಗಿ 24ರ ಹೆಣ್ಣುಮಗಳು. 1982ರಲ್ಲಿ ಜಪಾನಿನ ಕಾಂಜಿ ಇನೊಯೆ ಬೆರಳಿನ ಕೆಲಸವನ್ನು ಬಲೂನಿಗೆ ವಹಿಸಿದ ಮೇಲೆ ಎದೆ ಕೊಯ್ಯುವ ಪ್ರಮೇಯವೇ ಕಡಿಮೆಯಾಯಿತು. ಬೆಂಗಳೂರಿನ ಜಯದೇವ ಆಸ್ಪತ್ರೆ ಹೆಸರಾದದ್ದರಲ್ಲಿ ಈ ಬಲೂನ್ ಚಿಕಿತ್ಸೆಯ ಪಾಲೂ ಇದೆ.

ಬಲೂನಿಗೆ ಬಗ್ಗದ ಕವಾಟವನ್ನು ಬದಲಿಸಬೇಕಾದಾಗ ಯುವತಿಯರಿಗೆ ಗಂಡಸರಿಗಿಲ್ಲದ ಇಕ್ಕಟ್ಟು ಎದುರಾಗುತ್ತದೆ. ಲೋಹದ ಕವಾಟ ಬಹುಕಾಲ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ವಾರ್ಫರಿನ್ ಬೇಕು. ಆ ಮಾತ್ರೆ ಮಾಸಿನ ಮೂಲಕ ಹಾದು ಭ್ರೂಣಕ್ಕೆ ತಟ್ಟುತ್ತದೆ. ಪ್ರಾಣಿ ಅಂಗಾಂಶದ ಕವಾಟಕ್ಕೆ ಮಾತ್ರೆಯ ಕಾಟ ಕಡಿಮೆ, ಆದರೆ ಎಳೆವಯಸ್ಸಿನವರಲ್ಲಿ ಅದು ಬೇಗ ಸವೆಯುತ್ತದೆ.

ಮುಪ್ಪಿನಲ್ಲಿ ಕಾಡುವುದು ಮಹಾಪಧಮನಿಯ ಕವಾಟದ ಬಿಗಿತ. ಕವಾಟವೆಂದರೆ ಬಾಗಿಲೇ ತಾನೆ. ಬಾಗಿಲು ಎರಡು ರೀತಿಯಲ್ಲಿ ಬಿಗಿಯಾಗುತ್ತದೆ. ತಿರುಗಣಿಗೆ ತುಕ್ಕು ಹಿಡಿದರೆ ಒಂದು, ಮಳೆಗಾಲದಲ್ಲಿ ಮರವೇ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡರೆ ಇನ್ನೊಂದು. ಗಂಡಸರ ಕವಾಟದ ಮೇಲೆ ಸುಣ್ಣದ ಗಂಟುಗಳು ಒತ್ತಾಗಿ ಕಟ್ಟುತ್ತವೆ, ಗಡಸು ನೀರು ಕಾಯಿಸುವ ಹಂಡೆಯ ತಳದ ಹಾಗೆ. ಹೆಂಗಸರಲ್ಲಿ ಸುಣ್ಣ ಕಡಿಮೆ. ನಾರಿನ ಅಂಶ ಬೆಳೆದು ದಳವೇ ದಪ್ಪಗಾಗುತ್ತದೆ. ರಕ್ತಕ್ಕೆ ಆಗುವ ಅಡ್ಡಿ ಮಾತ್ರ ಇಬ್ಬರಲ್ಲೂ ಅಷ್ಟೇ.

ತೊಡಕಾಗುವುದು ಅಳತೆಯಲ್ಲಿ. ಸಿ.ಟಿ. ಸ್ಕ್ಯಾನಿನಲ್ಲಿ ಸುಣ್ಣವನ್ನು ಎಣಿಸುವ ಅಗಾಟ್‌ಸ್ಟನ್ ಅಂಕ ಗಂಡಸರಲ್ಲಿ 2000 ದಾಟಿದರೆ ರೋಗ ತೀವ್ರವಾಗಿರುವ ಸಂಭವ ಹೆಚ್ಚು. ಹೆಂಗಸರಿಗೆ 1200 ಸಾಕು. ಗಂಡಸಿನ ಗಡಿಯಿಟ್ಟು ಅಳೆದರೆ 1500 ಬಂದ ಅಜ್ಜಿಯ ಕಾಯಿಲೆ ಹಗುರವೆಂದೇ ಲೆಕ್ಕ. ಎಕೋ ಕೂಡ ದಾರಿ ತಪ್ಪಿಸಬಲ್ಲದು. ಕವಾಟದ ಎರಡೂ ಬದಿಯ ಒತ್ತಡದ ಸರಾಸರಿ ಅಂತರ 40 ಮಿ.ಮೀ. ಪಾದರಸ ಮುಟ್ಟಿದರೆ ತೀವ್ರ ಎಂಬುದು ನಿಯಮ. ಹೆಂಗಸರ ಹೃತ್ಕುಕ್ಷಿ ಮೊದಲೇ ಚಿಕ್ಕದು. ಗೋಡೆ ದಪ್ಪಗಾದ ಮೇಲೆ ಒಳಗಿನ ಜಾಗ ಇನ್ನೂ ಕಿರಿದಾಗಿ, ಒಂದು ಬಡಿತಕ್ಕೆ ಹೊರಬೀಳುವ ರಕ್ತವೂ ಕಡಿಮೆ. ಹೊನಲೇ ಸಣ್ಣದಾದಾಗ ಅಡ್ಡಿ ತೀವ್ರವಾಗಿದ್ದರೂ ಒತ್ತಡದ ಅಂತರ 40ಕ್ಕೆ ಏರದಿರಬಹುದು. ರಿಪೋರ್ಟಿನಲ್ಲಿ ‘ಮಧ್ಯಮ’ ಎಂದು ಬರುತ್ತದೆ, ಮೆಟ್ಟಿಲು ಹತ್ತುವಾಗಿನ ಏದುಸಿರು ವಯಸ್ಸಿನ ಖಾತೆಗೆ ಹೋಗುತ್ತದೆ.

ಸೋರುವ ಮೈಟ್ರಲ್ ಕವಾಟದಲ್ಲೂ ಇದೇ ಎಡವಟ್ಟು. ಎಡ ಹೃತ್ಕುಕ್ಷಿ ಕುಗ್ಗಿದಾಗಿನ ಅಗಲ 40 ಮಿ.ಮೀ. ತಲುಪಿದರೆ ಶಸ್ತ್ರಚಿಕಿತ್ಸೆ ಎಂಬ ಗಡಿ ಬಹುಕಾಲ ಆರಡಿ ಆಳಿಗೂ ಐದಡಿಯ ಹೆಂಗಸಿಗೂ ಒಂದೇ ಆಗಿತ್ತು. ಐದಡಿಯವಳ ಹೃದಯ ಅಷ್ಟು ಹಿಗ್ಗುವ ಹೊತ್ತಿಗೆ ಸ್ನಾಯು ಸೋತಿರಬಹುದು.

ತೊಡೆಯ ರಕ್ತನಾಳದ ಮೂಲಕ ಮಹಾಪಧಮನಿಗೆ ಹೊಸ ಕವಾಟ ಕೂರಿಸುವ ಟಾವಿ ವಿಧಾನ ಬಂದ ಮೇಲೆ ಹೆಂಗಸರನ್ನಷ್ಟೇ ಸೇರಿಸಿಕೊಂಡ ಪ್ರಯೋಗವೂ ಒಂದು ನಡೆಯಿತು. ಯುರೋಪಿನ 443 ಮಹಿಳೆಯರ ‘ರೇಯಾ’ ಅಧ್ಯಯನದ ಫಲಿತಾಂಶ 2024ರಲ್ಲಿ ಹೊರಬಿತ್ತು. ವರ್ಷದೊಳಗೆ ಸಾವು, ಪಾರ್ಶ್ವವಾಯು ಅಥವಾ ಮತ್ತೆ ಆಸ್ಪತ್ರೆ ಸೇರುವುದು ಇವುಗಳಲ್ಲಿ ಒಂದಾದರೂ ಸಂಭವಿಸಿದ್ದು ಟಾವಿಯವರಲ್ಲಿ ಶೇ. 8.9ರಷ್ಟು ಮಂದಿಗೆ, ಎದೆ ತೆರೆದವರಲ್ಲಿ ಶೇ. 15.6ರಷ್ಟು ಮಂದಿಗೆ. ‘ಹೆಂಗಸರಿಗೆ ಟಾವಿಯೇ ಸೈ’ ಎನ್ನುವ ಮುನ್ನ ಅಂಕಿಯನ್ನು ಬಿಡಿಸಿ ನೋಡುವುದು ಒಳ್ಳೆಯದು. ವ್ಯತ್ಯಾಸದ ಬಹುಪಾಲು ಬಂದದ್ದು ಮತ್ತೆ ಆಸ್ಪತ್ರೆ ಸೇರಿದವರ ಸಂಖ್ಯೆಯಿಂದ; ಪಾರ್ಶ್ವವಾಯು ಎರಡೂ ಕಡೆ ಹೆಚ್ಚುಕಡಿಮೆ ಸಮ, ಪೇಸ್‌ಮೇಕರ್ ಹಾಕಿಸಿಕೊಳ್ಳಬೇಕಾದವರು ಟಾವಿಯವರಲ್ಲೇ ಹೆಚ್ಚು.